ನಾಲ್ಕನೆಯ ಪುಸ್ತಕ ಮತ್ತು ನಮ್ಮ ದಾರಿ ಕೇಸು

ಚಿಕ್ಕಮಗಳೂರಿನ ಬಸ್ ನಿಲ್ದಾಣದ ಹತ್ತಿರ ಹಳೇ ಪುಸ್ತಕ ಹರವಿಕೊಂಡು ಕೂರುವವನ ಬಳಿ ಒಂದು ಇಂಗ್ಲಿಷ್ ಕೋರ್ಟು ಕಾದಂಬರಿ ಕೊಂಡೆ. ಮನೆಗೆ ಬಂದ ಮೇಲೆ ನೋಡಿದರೆ ಅದು ಸರಣಿಯ ನಾಲ್ಕನೆಯದು. ಅದರ ವಕೀಲನನ್ನು ಹೆಂಡತಿ ಯಾಕೆ ಬಿಟ್ಟಳು, ಜಡ್ಜಿಗೆ ಅವನ ಮೇಲೆ ಯಾಕೆ ಸಿಟ್ಟು, ಎಲ್ಲವೂ ಹಿಂದಿನ ಪುಸ್ತಕಗಳಲ್ಲೇ ನಡೆದುಹೋಗಿತ್ತು. ತಲೆಬುಡ ತಿಳಿಯದಿದ್ದರೂ ಬಿಡದೆ ಓದಿದೆ. ಆ ವರ್ಷ ನಮ್ಮದೇ ಒಂದು ಕೇಸು ನಡೆಯುತ್ತಿತ್ತು.

ವಸ್ತಾರೆ ಕಡೆ ನಮ್ಮದು ಸಣ್ಣ ತೋಟ. ಒಂದು ಕಡೆ ಗಾಡಿ ದಾಟದ ಹಳ್ಳ, ಹಾಗಾಗಿ ಕಾಫಿ ಮೂಟೆ ರಸ್ತೆಗೆ ಬರಲು ಪಕ್ಕದ ದೊಡ್ಡ ಎಸ್ಟೇಟಿನೊಳಗಿನ ಗಾಡಿ ದಾರಿಯೇ ಗತಿ. ಅಜ್ಜನ ಕಾಲದಿಂದ ಓಡಾಡಿದ ಆ ದಾರಿಗೆ ಎಸ್ಟೇಟಿನ ಯಜಮಾನರು ಗೇಟು ಹಾಕಿ ಬೀಗ ಜಡಿದರು. ಅಪ್ಪ ಕೋರ್ಟಿಗೆ ಹೋದರು.

ಅಪ್ಪ ಸಾಕ್ಷಿ ಹೇಳುವ ದಿನ ಪುಸ್ತಕ ನನ್ನ ಚೀಲದಲ್ಲಿತ್ತು. ಅದರ ವಕೀಲ ಬೆದರಿಸುವವನಲ್ಲ, ಸಾಕ್ಷಿಗಳನ್ನು ನಯವಾಗಿ ಹೊಗಳಿಯೇ ಕೆಡವುತ್ತಿದ್ದ. ಬಸ್ಸಿನಲ್ಲಿ ಓದಿ ಭಲೇ ಎಂದುಕೊಂಡಿದ್ದೆ. ಯಜಮಾನರ ವಕೀಲರೂ ನಗುನಗುತ್ತಲೇ ಎದ್ದರು.

"ನೀವು ಮರ್ಯಾದಸ್ಥರು. ಇನ್ನೊಬ್ಬರ ತೋಟಕ್ಕೆ ಹೇಳದೆ ಕೇಳದೆ ನುಗ್ಗೋರಲ್ಲ, ಅಲ್ವಾ?"

ಬಸ್ಸಿನಲ್ಲಿ ಓದಿದ ಹೊಗಳಿಕೆ ಇದೇ ಎಂದು ನನಗೆ ಹೊಳೆಯಿತು. ಅಪ್ಪನಿಗೆ ಮಾತ್ರ ಯಾರೋ ಮಣೆ ಹಾಕಿ ಕೂರಿಸಿದಷ್ಟು ಸಂತೋಷ.

"ಹಂಗೆ ನುಗ್ಗೋಕಾಗುತ್ತಾ ಸ್ವಾಮಿ? ಪ್ರತಿ ಕುಯ್ಲಿಗೂ ಮೊದ್ಲು ಅವ್ರ ಕಣಕ್ಕೆ ಹೋಗಿ, ಮೂಟೆ ಸಾಗಿಸ್ತೀವಿ ಅಂತ ಕೇಳ್ಕಂಡೇ ಹೋಗ್ತಿದ್ವಿ. ಅವ್ರು ಹೂಂ ಅಂದ್ಮೇಲೇ ಗಾಡಿ ಕಟ್ಟೋದು."

ಹೊರಗೆ ಬಂದ ಮೇಲೆ ನಮ್ಮ ವಕೀಲರು, "ಎಲ್ಲ ಹಾಳು ಮಾಡಿಬಿಟ್ರಲ್ಲ ಮಾರಾಯ್ರೆ" ಎಂದು ಅಪ್ಪನನ್ನೇ ಬೈದರು. ಹೀಗೆ ಕೇಳಬಹುದೆಂದು ಈ ಮನುಷ್ಯ ಮೊದಲೇ ಒಂದು ಮಾತು ಹೇಳಿರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಮ್ಮ ಕಡೆ ಎಲ್ಲರೂ ಹಾಗೇ, ಹಕ್ಕಿದ್ದರೂ ಒಂದು ಮಾತು ಕೇಳುತ್ತಾರೆ. ಕೇಳಿ ಓಡಾಡಿದ್ದರಿಂದ ಅದು ಅವರು ಕೊಟ್ಟ ಅನುಮತಿ, ನಿಮ್ಮ ಹಕ್ಕಲ್ಲ ಎಂದು ತೀರ್ಪು ಬಂತು. ಇಷ್ಟು ವರ್ಷ ಕೇಳದೆ ನುಗ್ಗಿದ್ದರೆ ದಾರಿ ನಮ್ಮದಾಗುತ್ತಿತ್ತಂತೆ.

ಪುಸ್ತಕ ಮುಗಿಸಿದೆ. ವಕೀಲ ಗೆದ್ದ. ಅವನು ಕೆಡವಿದ ಸಾಕ್ಷಿ ಆಮೇಲೆ ಏನಾದನೆಂದು ಅದರಲ್ಲಿರಲಿಲ್ಲ. ಐದನೆಯದರಲ್ಲೂ ಇರಲಾರದು.

ಮುಂದಿನ ಕುಯ್ಲಿಗೆ ಅಪ್ಪ ಒಗೆದ ಪಂಚೆ ಉಟ್ಟು ಯಜಮಾನರ ಕಣಕ್ಕೆ ಹೋಗಿ ದಾರಿ ಕೇಳಿದರು. ಅವರು ಕೂರಿಸಿ ಕಾಫಿ ಕೊಟ್ಟು, "ಕೋರ್ಟೇ ಹೇಳಿದ್ಮೇಲೆ ನಂದೇನಿದೆ ಹೇಳಿ" ಎಂದರಂತೆ. ಏನಾಯಿತೆಂದು ಅಮ್ಮ ಕೇಳಿದಾಗ ಅಪ್ಪ, "ಚೆನ್ನಾಗೇ ಮಾತಾಡ್ಸಿದ್ರು" ಎಂದರು. ಮರುದಿನದಿಂದ ಮೂಟೆಗಳನ್ನು ತಲೆ ಮೇಲೆ ಹೊತ್ತು ಹಳ್ಳ ದಾಟಿಸಿದೆವು.