ನೆಂಟರ ಭಾರ ಹೊತ್ತ ಮಹಡಿ

ಹಳೆಯ ಕಟ್ಟಡ ಕಂಡರೆ ನಮ್ಮ ತಟ್ಟಣ್ಣನ ಕೈ ಸುಮ್ಮನಿರುವುದಿಲ್ಲ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾನೆ, ಕಿವಿಗೊಡುತ್ತಾನೆ, ಗೋಡೆ ತನ್ನ ಮನೆಕಷ್ಟ ಹೇಳಿಕೊಂಡಂತೆ ತಲೆದೂಗುತ್ತಾನೆ. ಆ ಹೆಸರು ಬಂದದ್ದೂ ಹಾಗೆಯೇ. ಮದುವೆಯ ಮಾತುಕತೆಗೆಂದು ಹೋದ ದಿನ ಮಾವನ ನಡುಮನೆಯ ಕಂಬ ತಟ್ಟಿ, ಹಾಕಿದ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, “ಅಲ್ಲಿ ಮೇಲಿನ ತೊಲೆ ಸ್ವಲ್ಪ ದಣಿದಿದೆ” ಎಂದು ಕೂತವನು. ಹುಡುಗ ಮಗಳನ್ನು ಒಪ್ಪಿದನೋ ತೊಲೆಯನ್ನು ಒಪ್ಪಿದನೋ ಎಂದು ಮಾವ ವರ್ಷಗಟ್ಟಲೆ ಕೇಳುತ್ತಿದ್ದರು.

ಅವನು ಇಂಜಿನಿಯರ್. ಹಳೆಯ ಆಸ್ಪತ್ರೆಗಳು ಹೊಸ ಕೆಲಸ ಹೊರುವಂತೆ ಗಟ್ಟಿ ಮಾಡುವುದು ಅವನ ಕಸುಬು. ಆ ಕಟ್ಟಡಗಳು ಎದ್ದ ಕಾಲದಲ್ಲಿ ಆಸ್ಪತ್ರೆಯೊಳಗಿನ ಅತಿ ಭಾರದ ವಸ್ತುವೆಂದರೆ ದೊಡ್ಡ ಡಾಕ್ಟರೇ. ಈಗ ಬರುವ ಯಂತ್ರಗಳೋ, ಆನೆ ನೋಡಿದರೆ ಅಣ್ಣಾ ಎಂದು ದಾರಿ ಬಿಡಬೇಕು. ಆಸ್ಪತ್ರೆಗೆ ಬೀಗ ಹಾಕಿ ರಿಪೇರಿ ಮಾಡುವ ಹಾಗೂ ಇಲ್ಲ. ಓಡುತ್ತಿರುವವನ ಮೊಣಕಾಲು ಬದಲಿಸಿದ ಹಾಗೆ, ಅದು ನಡೆಯುತ್ತಿರುವಾಗಲೇ ಮಾಡಬೇಕು.

ಈ ನಡುವೆ ಮಾವನ ಮೂತ್ರಪಿಂಡಗಳು ಮುಷ್ಕರ ಹೂಡಿದವು. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ದೂರದ ನಗರಕ್ಕೆ ಬಸ್ಸು. ಹೋಗುವಾಗ ಮನುಷ್ಯ, ಬರುವಾಗ ಹಿಂಡಿದ ಒರೆಸುಬಟ್ಟೆ. ಊರಿನ ಆಸ್ಪತ್ರೆಯ ಮಹಡಿಯಲ್ಲೇ ಡಯಾಲಿಸಿಸ್ ಶುರು ಮಾಡುವ ಮಾತು ಬಂತು. ಆದರೆ ಹಳೆಯ ನೆಲ ಅಷ್ಟು ಯಂತ್ರ, ಅಷ್ಟು ನೀರಿನ ಟ್ಯಾಂಕು ಹೊರಬೇಕಲ್ಲ. ತಟ್ಟಣ್ಣ ಕೆಳಗಿನಿಂದ ಉಕ್ಕಿನ ತೊಲೆಗಳ ಆಸರೆ ಕೊಟ್ಟ. ಉಳಿದದ್ದು ಪರೀಕ್ಷೆ: ಮೇಲೆ ಭಾರ ಹೇರಿ, ಆ ಭಾರಕ್ಕೆ ನೆಲ ಲೆಕ್ಕಕ್ಕಿಂತ ಹೆಚ್ಚು ಬಾಗುತ್ತದೆಯೇ ಎಂದು ಅಳೆಯುವುದು. ಬಾಗಿದರೆ ಯಂತ್ರಗಳು ಬೇರೆ ಊರಿಗೆ, ಮಾವ ಮತ್ತೆ ಬಸ್ಸಿಗೆ.

ಇಂಥ ಪರೀಕ್ಷೆಗೆ ಮರಳಿನ ಮೂಟೆ ಹೇರುವುದು ರೂಢಿ. ದೊಡ್ಡ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು.

“ಪಕ್ಕದ ವಾರ್ಡಲ್ಲಿ ಆಪರೇಷನ್ ಆದವರಿದ್ದಾರೆ. ಒಂದು ಹಿಡಿ ಮರಳು ಒಳಗೆ ಬಂದ್ರೂ ನಿಮ್ಮನ್ನೂ ಅಲ್ಲೇ ಮಲಗಿಸ್ತೀನಿ.”

“ನೀರು ತುಂಬಿಸ್ಲಾ?”

“ಕೆಳಗಿರೋದು ಔಷಧಿ ಉಗ್ರಾಣ. ಒಂದು ತೊಟ್ಟು ಸೋರಿದ್ರೆ ಇಡೀ ಊರಿಗೆ ಕಷಾಯ.”

“ಮತ್ತೆ ಏನು ಹೇರ್ಲಿ, ಸಿಸ್ಟರ್?”

“ಮನುಷ್ಯರನ್ನ ಹೇರಿ. ಹೇಳಿದ್ರೆ ಕೈಕಾಲಾದ್ರೂ ತೊಳ್ಕೊಂಡು ಬರ್ತಾರೆ.”

ಮನುಷ್ಯರಿಗೇನು ಬರ. ತಟ್ಟಣ್ಣನ ಹೆಂಡತಿಯ ಕಡೆಯವರು ಒಬ್ಬೊಬ್ಬರೂ ಒಂದೊಂದು ಮಂಟಪ. ಅವಳ ಚಿಕ್ಕಪ್ಪ ದೋಣಿ ಹತ್ತಿದರೆ ಹೊಳೆಯೇ ದಡ ಬಿಟ್ಟು ಸರಿದು ಕೂರುತ್ತದೆ. ಮಾವನಿಗೋಸ್ಕರ ಎಂದದ್ದೇ ತಡ, ಎಲ್ಲರೂ ಬಂದರು. ಬಾಗಿಲಲ್ಲಿ ತೂಕದ ಯಂತ್ರ ಕಂಡದ್ದೇ ಮೆರವಣಿಗೆ ನಿಂತಿತು.

“ಏನ್ರೀ ಅಳಿಯಂದಿರೇ,” ಎಂದರು ಅತ್ತೆ. “ನಾಲ್ಕು ಜನರೆದುರು ತೂಗಿಸ್ಕೊಳ್ಳೋಕೆ ನಾವೇನು ಈರುಳ್ಳಿ ಮೂಟೆನಾ?”

“ಬಾಯಲ್ಲಿ ಹೇಳಿದ್ರೆ ಸಾಕು ಬಿಡಿ, ಅತ್ತೆ,” ಎಂದ ಅಳಿಯ. ಗೋಡೆಗೆ ಹೆದರದವನು ಅತ್ತೆಗೆ ಹೆದರಿದ.

ಒಬ್ಬೊಬ್ಬರೂ ತೂಕ ಹೇಳಿ ಒಳಗೆ ಹೋದರು. ಚಿಕ್ಕಪ್ಪ ಹೇಳಿದ ತೂಕ ಕೇಳಿ ಸಿಸ್ಟರ್ ಕೆಮ್ಮಿದರು. ಕೋಣೆ ತುಂಬಿತು, ಗಾಳಿ ಕೂಡ ಜಾಗ ಸಾಲದೆ ಕಿಟಕಿಯಿಂದ ಇಳಿದು ಹೋಯಿತು. ತಟ್ಟಣ್ಣ ಕೆಳಗಿನ ಉಗ್ರಾಣಕ್ಕೆ ಓಡಿದ. ಏನಾದರೂ ಹೆಚ್ಚುಕಮ್ಮಿಯಾದರೆ ತಡೆಯಲು, ಮಹಡಿಯ ನೆಲಕ್ಕಿಂತ ಒಂದು ಬೆರಳು ಕೆಳಗೆ ತಲೆ ಬರುವಂತೆ ಕಬ್ಬಿಣದ ಕಂಬಗಳನ್ನು ಉಗ್ರಾಣದಲ್ಲಿ ನಿಲ್ಲಿಸಿದ್ದ; ಯಾರ ಜೀವಕ್ಕೂ ಅಪಾಯವಿರಲಿಲ್ಲ. ಆದರೆ ಬಾಗು ಅಳೆಯುವ ಮುಳ್ಳು ಅವನ ಲೆಕ್ಕ ದಾಟಿ ನಿಂತಿತ್ತು.

ಅವನು ಮೇಲೆ ಬಂದಾಗ ಮುಖ ಸುಣ್ಣ ಬಳಿದಂತಿತ್ತು.

“ಯಾಕ್ರೀ?” ಎಂದಳು ಹೆಂಡತಿ.

“ಆಗ್ಲಿಲ್ಲ ಕಣೇ. ನೀವೆಲ್ಲ ಹೇಳಿದ ತೂಕಕ್ಕೆ ನೆಲ ಇಷ್ಟು ಬಾಗಬಾರದಿತ್ತು. ಮಾವನಿಗೆ ಇನ್ನು ಬಸ್ಸೇ ಗತಿ.”

ಚಿಕ್ಕಪ್ಪ ಫ್ಯಾನು ನೋಡಿದ. ಹೆಂಡತಿಯ ಅತ್ತಿಗೆ ಉಗುರು ನೋಡಿಕೊಂಡಳು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಮಾವ ಮಾತ್ರ ನಗತೊಡಗಿದರು.

“ಹೇಳಿದ ತೂಕಕ್ಕೆ ತಾನೇ?” ಎಂದರು ಅತ್ತೆ ಮೆಲ್ಲಗೆ.

“ಹೌದು, ಅತ್ತೆ.”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರನ್ನು ಸರಿಸಿಕೊಂಡು ಹೊರಗೆ ಬಂದು ತೂಕದ ಯಂತ್ರ ಹತ್ತಿದರು. “ಓದಿ ಸಿಸ್ಟರ್. ಜೋರಾಗೇ ಓದಿ. ಈ ಮುದುಕ ಬಸ್ಸಲ್ಲಿ ವಾಂತಿ ಮಾಡೋದು ನೋಡಿ ನನಗೆ ಸಾಕಾಗಿದೆ.”

ಸಿಸ್ಟರ್ ಓದಿದರು. ಆ ಅಂಕಿಯನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

“ಮದುವೆಯಾದಾಗಿನಿಂದ ಒಂದೇ ತೂಕ ಅಂತಿದ್ದೆಯಲ್ಲೇ,” ಎಂದರು ಮಾವ.

“ಬಾಯ್ಮುಚ್ಚಿ ಕೂತ್ಕೊಳ್ಳಿ.”

ಅತ್ತೆಯೇ ಹತ್ತಿದ ಮೇಲೆ ಉಳಿದವರದ್ದೇನು. ಎಲ್ಲರೂ ಸಾಲಾಗಿ ಬಂದರು. ಚಿಕ್ಕಪ್ಪ ಹತ್ತಿದಾಗ ಯಂತ್ರ ಕಣ್ಣು ಕತ್ತಲಿಟ್ಟು ಸ್ವಲ್ಪ ಹೊತ್ತು ಸುಧಾರಿಸಿಕೊಂಡಿತು. ನಿಜವಾದ ಭಾರ ಕೂಡಿಸಿ ನೋಡಿದರೆ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೇರಿ ಆಗಿತ್ತು. ಆ ಭಾರಕ್ಕೆ ನೆಲ ಬಾಗಿದ್ದು ಕಡಿಮೆಯೇ. ಎಲ್ಲರೂ ಕೆಳಗಿಳಿದ ಮೇಲೆ ಮುಳ್ಳು ವಿಧೇಯ ಮಗುವಿನಂತೆ ಹಿಂದಕ್ಕೆ ಬಂತು. ತಟ್ಟಣ್ಣ ಉಗ್ರಾಣದಲ್ಲೇ ಔಷಧಿ ಪೆಟ್ಟಿಗೆಗಳ ನಡುವೆ ಕುಣಿದನೆಂದು ಸುದ್ದಿ.

ಈಗ ಮಾವ ಚಪ್ಪಲಿ ಮೆಟ್ಟಿಕೊಂಡು ನಡೆದೇ ಡಯಾಲಿಸಿಸ್‌ಗೆ ಹೋಗುತ್ತಾರೆ, ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ. ಬಂದ ಮೇಲೂ ಜಗಳವಾಡುವಷ್ಟು ಉಸಿರು ಉಳಿದಿರುತ್ತದೆ ಎಂಬುದೇ ಅತ್ತೆಯ ಹೊಸ ದೂರು.