ಆಲೆಟ್ಟಿಯ ಬತ್ತಿದ ಸುರಂಗ

ಆಲೆಟ್ಟಿ, ೧೯೮೩ರ ಬೇಸಗೆ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗ ಈ ವರ್ಷ ಬತ್ತಿದೆ. ಮುಟ್ಟಾದ ದಿನ ಸೊಸೆ ಅದರೊಳಗೆ ಹೋದದ್ದೇ ಕಾರಣವೆಂದು ಮನೆಯ ಯಜಮಾನಿ ದೇವಕಿಯಮ್ಮ ಅತಿಥಿಯಾಗಿ ಬಂದ ನನಗೆ ಬೆಲ್ಲ, ನೀರು ಕೊಡುತ್ತ ಹೇಳಿದರು. ಅಂದಿನಿಂದ ದೂರದ ಹೊಳೆಯ ನೀರನ್ನು ಸೊಸೆಯೊಬ್ಬಳೇ ಹೊರಬೇಕು. ನಿರಪರಾಧಿಗೆ ವಿಧಿಸಿದ ಈ ಶಿಕ್ಷೆ ಅನ್ಯಾಯ. ಸುರಂಗದ ಮೇಲಣ ಕಾಡನ್ನು ರಬ್ಬರಿಗಾಗಿ ಬೋಳಿಸಿದ್ದರಿಂದ ಮಳೆನೀರು ಇಂಗಲಿಲ್ಲವೆಂದು ನಾನು ವಿವರಿಸಿದೆ.

“ಕಾಡು ಕಡಿಸಿದ್ದು ನನ್ನ ಮಗ ಮಾರಾಯ್ರೆ. ಅವನಿಂದ ನೀರು ಹೋಯ್ತು ಅಂತ ಹೇಳುದಾ?”

“ಹೌದು.”

ದೇವಕಿಯಮ್ಮ ಬೆಲ್ಲದ ತಟ್ಟೆಯನ್ನು ನನ್ನತ್ತ ಸರಿಸಿದರು. “ಅವನಿಗೆ ಹೇಳಿದ್ರೆ ಬೇಸರ ಆಗ್ತದೆ. ಇವಳಿಗಾದ್ರೆ ಕೇಳಿ ಅಭ್ಯಾಸ ಉಂಟು.”

ಹೊಳೆಗೆ ಹೊರಟಿದ್ದ ಸೊಸೆ ಕೊಡವನ್ನು ಜಗಲಿಯಲ್ಲಿ, ಗಂಡ ಕೂರುವ ಕುರ್ಚಿಯ ಮೇಲೆ ಇಟ್ಟಳು.

“ಇನ್ನು ಅವರೂ ಅಭ್ಯಾಸ ಮಾಡ್ಲಿ ಅತ್ತೆ,” ಎಂದು ಒಳಗೆ ಹೋದಳು.