ಎರಡು ಹನಿಯ ಜಾಗದಲ್ಲಿ ಇಪ್ಪತ್ತು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಹೆಚ್ಚಿಟ್ಟ ಈರುಳ್ಳಿ, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್. ಅದರ ಮುಂದೆ ಐವತ್ತೆರಡರ ಹೆಂಗಸೊಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಸಿರು ಸಾಲುಗಳನ್ನು ನೋಡುತ್ತಿದ್ದಾರೆ. ಒಂಬತ್ತು ಸಾವಿರದ ನಾನೂರು ಪರೀಕ್ಷೆಗಳ ಫಲಿತಾಂಶ ಅದು. ಹಸಿರೆಂದರೆ ಪಾಸು. "ಈಗ ಹಸಿರು ಕಂಡ್ರೇ ಭಯ," ಎನ್ನುತ್ತಾರೆ. ಆ ಭಯ ಹುಟ್ಟಿದ್ದು ಹೋದ ತಿಂಗಳು.

ಕಚೇರಿಯವರಿಗೆಲ್ಲ ಅವರು 'ಅಕ್ಕ'. ಕಂಪೈಲರ್ ಪರೀಕ್ಷಿಸುವುದು ಹದಿನಾಲ್ಕು ವರ್ಷದ ಕಸುಬು. ಪ್ರೋಗ್ರಾಮರ್ ಬರೆದದ್ದನ್ನು ಯಂತ್ರಕ್ಕೆ ತಿಳಿಸಿ ಹೇಳುವ ದುಭಾಷಿಯೇ ಕಂಪೈಲರ್. ಯಂತ್ರ ಕೆಟ್ಟರೆ ಬೈಗುಳ ಪ್ರೋಗ್ರಾಮರನಿಗೆ, ದುಭಾಷಿಯ ಮೇಲೆ ಯಾರಿಗೂ ಅನುಮಾನವಿಲ್ಲ. "ಅರ್ಧ ಹೇಳಿದ್ದನ್ನ ಪೂರ್ತಿ ಅರ್ಥ ಮಾಡ್ಕೊಳ್ಳೋದು ಯಂತ್ರಕ್ಕೆ ಕಲಿಸ್ತೀನಿ ಅತ್ತೆ," ಎಂದು ಒಮ್ಮೆ ಕೆಲಸ ವಿವರಿಸಿದರೆ, ಅತ್ತೆ ಎಂದರಂತೆ: "ಹಾಗಾದ್ರೆ ಮೊದ್ಲು ನನ್ನ ಮಗನಿಗೆ ಕಲ್ಸು!"

ಹೋದ ತಿಂಗಳು ಪಂಪಿನ ಕಂಪನಿಯೊಂದರಿಂದ ಬಂದ ದೂರು ಮಾತ್ರ ನಗುವಂಥದ್ದಲ್ಲ. ನವಜಾತ ಶಿಶುಗಳಿಗೆ ಔಷಧಿ ಹನಿಸುವ ಪಂಪು, ವಾರ್ಡಿಗೆ ಹೋಗಲು ನಾಲ್ಕೇ ದಿನ. ನೀರು ತುಂಬಿ ನೋಡಿದರೆ ನಿಮಿಷಕ್ಕೆ ಎರಡು ಹನಿಯ ಬದಲು ಇಪ್ಪತ್ತು! ಅಲ್ಲಿನ ಪ್ರೋಗ್ರಾಮರನನ್ನು ಮನೆಗೆ ಕಳಿಸುವ ಪತ್ರವೂ ಸಿದ್ಧವಾಗಿತ್ತು.

ಪಂಪಿಗೆ ವೇಗ ಹೇಳಬಹುದು, ಹೇಳದೆಯೂ ಬಿಡಬಹುದು. ಬಿಟ್ಟರೆ ಮೊದಲೇ ಗೊತ್ತುಮಾಡಿದ ಅಂಕಿ ಹಿಡಿಯಬೇಕು. ದೊಡ್ಡವರ ಪಂಪಿನ ಮೂಲ ಮಾದರಿಗೆ ಇಪ್ಪತ್ತು, ಅದರಿಂದ ಹುಟ್ಟಿದ ಶಿಶು ಪಂಪಿಗೆ ಎರಡು. ಪ್ರೋಗ್ರಾಮರ್ ಸರಿಯಾಗಿಯೇ ಬರೆದಿದ್ದ. ಕಂಪೈಲರ್ ಮಾತ್ರ, ಮಗಳ ಅಂಗಿಯನ್ನು ಅಮ್ಮನ ಅಳತೆಗೆ ಹೊಲಿದ ಹಾಗೆ, ಮೂಲ ಮಾದರಿಯ ಅಂಕಿಯನ್ನೇ ಎತ್ತಿಕೊಂಡಿತ್ತು.

ಇದನ್ನು ಹಿಡಿಯಲೆಂದೇ ಒಂದು ಪರೀಕ್ಷೆಯಿತ್ತು, ಅದು ದಿನವೂ ಹಸಿರು. ತೆರೆದು ನೋಡಿದರೆ ಸರಿಯುತ್ತರದ ಜಾಗದಲ್ಲಿ ತಪ್ಪು ಉತ್ತರ ಕೂತಿದೆ. ಬರೆದವರು ಯಾರು? ಒಂಬತ್ತು ವರ್ಷದ ಹಿಂದೆ, ಅಕ್ಕನೇ. ಪ್ರೋಗ್ರಾಮಿಂಗ್ ಭಾಷೆಯ ನಿಯಮದ ಪುಸ್ತಕ ತೆರೆಯದೆ, ಕಂಪೈಲರ್ ಕೊಟ್ಟ ಉತ್ತರವನ್ನೇ ಸರಿಯೆಂದು ನಕಲಿಸಿ ಅಂಟಿಸಿಬಿಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಾನೇನಾ, ನಾನೇನಾ ಅಂತ ನಾಲ್ಕು ಸಲ ಓದ್ದೆ. ಒಂಬತ್ತು ವರ್ಷ ನನ್ನ ತಪ್ಪನ್ನ ನಾನೇ ದಿನಾ ಪಾಸ್ ಮಾಡಿದ್ದೀನಿ ಕಣ್ರೀ!" ಎನ್ನುತ್ತಾರೆ ಅಕ್ಕ.

ಗುಟ್ಟಾಗಿ ತಿದ್ದಿಬಿಡಬಹುದಿತ್ತು. ಅಕ್ಕ ಹಾಗೆ ಮಾಡದೆ, ದೋಷದ ವರದಿಯಲ್ಲಿ ತಮ್ಮ ಹೆಸರನ್ನೇ ಬರೆದು ಪಂಪಿನ ಕಂಪನಿಗೆ ಫೋನ್ ಮಾಡಿದರು. ಪ್ರೋಗ್ರಾಮರನನ್ನು ಮನೆಗೆ ಕಳಿಸುವ ಪತ್ರ ಕಸದ ಬುಟ್ಟಿ ಸೇರಿತು. ಪಂಪು ಮೂರು ವಾರ ತಡವಾಗಿ, ಎರಡೇ ಹನಿಯೊಂದಿಗೆ ವಾರ್ಡಿಗೆ ಹೋಯಿತು. ಈಗ ಅಕ್ಕ ದಿನಕ್ಕೆ ನಲವತ್ತು ಹಳೆಯ ಪರೀಕ್ಷೆಗಳನ್ನು ನಿಯಮದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದುತ್ತಾರೆ. ಎಲ್ಲ ಮುಗಿಯಲು ವರ್ಷ ಹಿಡಿದೀತು.

ಕೆಲಸ ಉಳಿಸಿಕೊಂಡ ಪ್ರೋಗ್ರಾಮರ್ ಮೊನ್ನೆ ಫೋನ್ ಮಾಡಿದ್ದ. "ಅಕ್ಕಾ, ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಕೂಸಿಗೆ ಗೊತ್ತಾಗ್ತಿತ್ತಲ್ಲಪ್ಪ," ಎಂದರಂತೆ ಅಕ್ಕ.